ಮರಕ್ಕೆ ಅಂಟಿಸಿದ ಗಾಜು

ಅರಣ್ಯ ಇಲಾಖೆಯಿಂದ ನಿವೃತ್ತನಾದ ಮೇಲೆ ನನ್ನ ಹೆಂಡತಿಯ ತಮ್ಮ ಪ್ರತಿ ಭಾನುವಾರ ಮೆಹದಿಪಟ್ಟಣದ ನಮ್ಮ ಮನೆಗೆ ಬರತೊಡಗಿದ. ಬಂದವನು ಅಕ್ಕನನ್ನು ಮಾತಾಡಿಸುವ ಮೊದಲು ಅಂಗಳದ ಸಾಗವಾನಿ ಮರಕ್ಕೆ ಎದೆಮಟ್ಟದಲ್ಲಿ ಟೇಪು ಸುತ್ತಿ ನೋಡುತ್ತಿದ್ದ. ಕಲಬುರಗಿಯಿಂದ ಇಲ್ಲಿಗೆ ಬಂದ ವರ್ಷ ನನ್ನ ಹೆಂಡತಿ ನೆಟ್ಟ ಮರ ಅದು. ಇವನ ಕಣ್ಣು ಮರದ ಮೇಲಿದೆ ಎಂದು ನನಗೆ ಆಗಲೇ ವಾಸನೆ ಬಡಿಯಿತು.

ಒಂದು ದಿನ, "ಇದರ ರೊಟೇಷನ್ ಮುಗದೈತ್ರಿ ಮಾವ" ಎಂದ.

ನಾನು ಸೇತುವೆ ಕಟ್ಟಿಸಿದ ಎಂಜಿನಿಯರ್. ನಮ್ಮಲ್ಲಿ ರೊಟೇಷನ್ ಅಂದರೆ ಕಂಬ ಬುಡದಲ್ಲಿ ತಿರುಗಿ ವಾಲುವುದು, ಎದೆ ಝಲ್ಲೆನ್ನಿಸುವ ಮಾತು. ಓಡಿಹೋಗಿ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿದೆ. ಮರ ನೆಟ್ಟಗಿತ್ತು. ಅವನು ಬಿದ್ದು ಬಿದ್ದು ನಕ್ಕ.

"ನಮ್ಮ ಕಾಡಿನಾಗ ಹಂಗಲ್ರಿ. ಸಸಿ ನೆಟ್ಟಾಗಿಂದ ಕಡಿಯೂತನಕ ಎಷ್ಟು ವರ್ಷ ಬಿಡಬೇಕೋ, ಅದಕ್ಕ ರೊಟೇಷನ್ ಅಂತಾರ."

ಕಡಿಯುವುದು! ಲಿಂಗಂಪಲ್ಲಿಯ ಅವನ ಹೊಸ ಮನೆಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ. ಎಲಾ ಇವನ! ಇಂದು ವಯಸ್ಸಾಯಿತು ಅನ್ನುವವನು ನಾಳೆ ಗೋಡೆಯ ಕಡೆ ವಾಲಿದೆ ಅನ್ನುತ್ತಾನೆ. ಸಾಕ್ಷಿ ಇರಲಿ ಎಂದು, ಬಿರುಕು ಬಿಟ್ಟ ಸೇತುವೆಗೆ ಮಾಡುವಂತೆಯೇ, ಮರದ ಬುಡಕ್ಕೂ ಪಕ್ಕದ ಕಾಂಪೌಂಡ್ ಗೋಡೆಗೂ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಕೂರಿಸಿದೆ. ಮರ ಕದಲಿದರೆ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಅವನ ಬಾಯಿ ಬಂದ್.

"ಗಿಡಾನೂ ನಂಬೂದಿಲ್ಲೇನ್ರಿ ನೀವು?" ಎಂದಳು ಹೆಂಡತಿ.

ಮಳೆಗಾಲ ಮುಗಿಯುತ್ತಿದ್ದಾಗ, ಅವನು ಬಂದುಹೋದ ಮರುದಿನ, ಗಾಜು ಸೀಳಿಹೋಗಿತ್ತು. ತೂಗುಗುಂಡು ಬಿಟ್ಟೆ; ಮರ ಮೊದಲಿನಂತೆಯೇ ನೆಟ್ಟಗೆ. ಇನ್ನೇನು ಬೇಕು? ಮುಂದಿನ ಭಾನುವಾರ ಅವನು ಗೇಟು ದಾಟುತ್ತಲೇ, ಹೆಂಡತಿಯ ಎದುರೇ ಕೇಳಿಬಿಟ್ಟೆ: "ಬಾಗಿಲದ ಆಸೆಗೆ ಗಾಜು ಒಡದಿ ಹೌದಿಲ್ಲೋ?"

ಅವನು ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಗಾಜನ್ನು ಮುಟ್ಟಿ ನೋಡಿದ.

"ನಾ ಒಡದಿಲ್ರಿ. ಮಳಿಗೆ ಗಿಡ ದಪ್ಪ ಆಗೇತಿ. ನಿಮ್ಮ ಕಂಬ ಬೆಳಿಯೂದಿಲ್ಲ, ಇದು ಬೆಳೀತೈತಿ."

"ಮತ್ತ ರೊಟೇಷನ್ ಮುಗದೈತಿ ಅಂದಿ?"

"ಕಟ್ಟಿಗಿ ಲೆಕ್ಕದಾಗ ಮುಗದೈತಿ ಅಂದೆ. ಗಿಡದ ಅಳತಿ ತಗೊಳ್ಳೂದು ನನ್ನ ಚಟ. ಬಾಗಿಲಾ ಕೂಡಿಸಿ ಆತ್ರಿ ಮಾವ. ವಾಸ್ತುಶಾಂತಿಗೆ ನಿಮ್ಮಿಬ್ಬರನ್ನೂ ಕರ್ಯಾಕ ಬಂದಿದ್ದೆ."

ಚಹಾ ಕುಡಿಯದೆ ಹೋದ. ಆಮೇಲೆ ಯಾವ ಭಾನುವಾರವೂ ಅವನು ಬರಲಿಲ್ಲ. ಗಾಜು ಮರದಿಂದಲೇ ಒಡೆಯಿತು ಎಂದು ಒಪ್ಪಲು ನನಗೆ ಆಗಲೂ ಪೂರ್ತಿ ಮನಸ್ಸಿರಲಿಲ್ಲ.

ವಾಸ್ತುಶಾಂತಿಯ ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ತೊಟ್ಟು ಹೊರಗೆ ಬಂದೆ. ಹೆಂಡತಿ ಆಗಲೇ ಆಟೋದಲ್ಲಿ ಕೂತಿದ್ದಳು.

"ನೀವು ಬರಬ್ಯಾಡ್ರಿ," ಎಂದಳು. "ಗಿಡ ಕಾಯ್ಕೋಂತ ಕೂಡ್ರಿ."