ಹಾಡಿಗೆ ಮುಂಚಿನ ನಲವತ್ತು ಸೆಕೆಂಡು

ಕಾರ್ಖಾನೆಯ ಪರೀಕ್ಷಾ ವಿಭಾಗದಿಂದ ನಿವೃತ್ತನಾದ ಮೇಲೆ ನಾನು ಇಂದಿರಾನಗರದ ಒಂದು ಮಿಕ್ಸಿಂಗ್ ತರಗತಿಗೆ ಸೇರಿದೆ. ಹಾಡಿನ ಪ್ರತಿಯೊಂದು ದನಿಯನ್ನೂ ವಾದ್ಯವನ್ನೂ ಬೇರೆ ಬೇರೆ ಮೈಕಿನಲ್ಲಿ ಹಿಡಿದು, ಆ ಬಿಡಿ ಟ್ರ್ಯಾಕ್‌ಗಳನ್ನು ಹದವರಿತು ಕೂಡಿಸುವ ಕೆಲಸ ಅದು. ನನ್ನ ಅರ್ಧ ವಯಸ್ಸಿನ ಮೇಷ್ಟ್ರು ಮೊದಲ ದಿನ ಎಲ್ಲರ ಹೆಸರು ಕೇಳಿ, ನನ್ನನ್ನು ಮಾತ್ರ "ಟೈಮ್‌ಪಾಸ್‌ಗಾ ಅಂಕಲ್?" ಎಂದು ಕೇಳಿದರು. ಅದನ್ನು ಮರೆತಿಲ್ಲ. ಅಭ್ಯಾಸಕ್ಕೆ ಬಿಡಿ ಟ್ರ್ಯಾಕ್‌ಗಳು ಎಲ್ಲಿ ಸಿಗುತ್ತವೆಂದು ವಿಚಾರಿಸಿದಾಗ, ನೆಟ್‌ನಲ್ಲಿ ಪುಕ್ಕಟೆ ಬೇಕಾದಷ್ಟು ಬಿದ್ದಿವೆ ಎಂದು ಫೋನಿನತ್ತ ತಿರುಗಿದ್ದನ್ನೂ ಮರೆತಿಲ್ಲ.

ನನಗೆ ಅವಸರವಿತ್ತು. ಹಲಸೂರಿನ ನಮ್ಮ ಭಜನಾ ಮಂಡಳಿ ಎಂಟು ಹಾಡುಗಳನ್ನು ಧ್ವನಿಮುದ್ರಿಸಲು ಹೊರಟಿತ್ತು. ಹನ್ನೊಂದು ವರ್ಷ ಅಲ್ಲಿ ಮೈಕು, ವೈರು, ಸ್ಪೀಕರು ನೋಡಿಕೊಂಡವನು ನಾನು. ಆ ಹಾಡುಗಳ ಮಿಕ್ಸಿಂಗ್ ನನ್ನ ಕೈಯಲ್ಲೇ ಆಗಬೇಕೆಂಬುದು ನನ್ನ ಹಟವಾಗಿತ್ತು.

ಪುಕ್ಕಟೆ ಎಂಬ ಮಾತಿಗೆ ಎಷ್ಟು ಅರ್ಥಗಳಿವೆಯೆಂದು ಆ ವಾರಗಳಲ್ಲಿ ತಿಳಿಯಿತು. ಒಂದು ಜಾಲತಾಣ ನಾನು ಹುಟ್ಟಿದ ವರ್ಷ ಕೇಳಿತು. ನನ್ನ ವರ್ಷದವರೆಗೆ ಪಟ್ಟಿಯನ್ನು ಕೆಳಕ್ಕೆ ಎಳೆಯುವಷ್ಟರಲ್ಲಿ ಪುಟವೇ ಮಾಯವಾಯಿತು. ಇನ್ನೊಂದರಲ್ಲಿ ಪುಕ್ಕಟೆಯೆಂದರೆ ಹಾಡಿನ ಮೊದಲ ಅರ್ಧ ನಿಮಿಷ. ಕಲಿಯುವವರಿಗೆಂದೇ ಧಾರಾಳವಾಗಿ ತೆರೆದಿಟ್ಟ ತಾಣವೊಂದು ಕಡೆಗೆ ಸಿಕ್ಕಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಅಲ್ಲಿ ಡ್ರಮ್ಮಿಗೇ ಹನ್ನೆರಡು ಟ್ರ್ಯಾಕ್, ಹಾಡುವವನಿಗೆ ಒಂದು. ಹಾರ್ಮೋನಿಯಂ, ತಬಲಾ, ತಾಳ ಒಟ್ಟಿಗೆ ಕೂತದ್ದು ಒಂದೂ ಇರಲಿಲ್ಲ. ಲಿಂಗರಾಜಪುರದ ಮನೆಯಲ್ಲಿ ಕಂಪ್ಯೂಟರಿಗೂ ಬಾಗಿಲಿಗೂ ನಡುವೆ ಚಡಪಡಿಸುತ್ತ ಓಡಾಡುತ್ತಲೇ ಇದ್ದೆ.

ಅಷ್ಟರಲ್ಲಿ ಮಂಡಳಿಯವರು ಮಾರತ್ತಹಳ್ಳಿಯ ಒಂದು ಸ್ಟುಡಿಯೋದಲ್ಲಿ ಹಾಡಿ ಬಂದರು. ಕಣ್ಣಿನ ಆಪರೇಷನ್ ಆಗಿದ್ದರಿಂದ ನಾನು ಹೋಗಿರಲಿಲ್ಲ. ದಿನ ಮುಂದೂಡೋಣವೆಂದು ಒಬ್ಬರೂ ಹೇಳಲಿಲ್ಲ. ಅಭ್ಯಾಸಕ್ಕಾದರೂ ಟ್ರ್ಯಾಕ್‌ಗಳನ್ನು ಕೊಡಿರೆಂದು ಕಾರ್ಯದರ್ಶಿಯವರನ್ನು ಕೇಳಿದೆ. ಅವರು ಒಂದು ಹಾಡನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು, ಶನಿವಾರದೊಳಗೆ ಮಿಕ್ಸ್ ಮಾಡಿ ತನ್ನಿ, ಎಲ್ಲರಿಗೂ ಹಿಡಿಸಿದರೆ ಎಂಟೂ ನಿಮಗೇ, ಇಲ್ಲದಿದ್ದರೆ ಸ್ಟುಡಿಯೋದವರಿಗೆ ಎಂದರು.

ಊರೆಲ್ಲ ಹುಡುಕಿದ್ದು ಕೈಗೇ ಬಂದಿತ್ತು. ಮುಖ್ಯ ಗಾಯಕರ ಟ್ರ್ಯಾಕನ್ನು ಮೊದಲು ತೆರೆದೆ. ಹಾಡು ಶುರುವಾಗುವ ಮುನ್ನ ನಲವತ್ತು ಸೆಕೆಂಡು ಮೈಕು ಸುಮ್ಮನೆ ತೆರೆದಿತ್ತು. ಶ್ರುತಿಪೆಟ್ಟಿಗೆಯ ನಾದದ ನಡುವೆಯೂ ಅವರ ಮಾತು ಸ್ಪಷ್ಟವಾಗಿ ಬಂತು:

"ಮಿಕ್ಸಿಂಗ್ ಅವ್ರಿಗೆ ಕೊಟ್ರೆ ಗಣೇಶನ ಪೆಂಡಾಲ್ ಥರ ಮಾಡ್ಬಿಡ್ತಾರೆ ರೀ. ವೈರ್ ಸುತ್ತೋಕೆ ಸರಿ, ಸುತ್ತಲಿ."

ಯಾರೋ ನಕ್ಕರು. ಯಾರೆಂದು ತಿಳಿಯದೆ ಬಿಡುವವನು ನಾನಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಹಾಡಿದ್ದರಿಂದ ಒಬ್ಬರ ದನಿ ಮತ್ತೊಬ್ಬರ ಮೈಕಿಗೂ ಸೋರಿತ್ತು. ಒಂದೊಂದೇ ಮೈಕನ್ನು ತೆರೆದು ಅದೇ ಕ್ಷಣವನ್ನು ಕೇಳಿದೆ. ನಗು ಹಾರ್ಮೋನಿಯಂ ಮೈಕಿನಲ್ಲಿ ಎಲ್ಲಕ್ಕಿಂತ ಜೋರಾಗಿತ್ತು. ತಾಳದವರು ನಗಲಿಲ್ಲ, ಬೇಡವೆಂದೂ ಹೇಳಲಿಲ್ಲ. ತಬಲಾ ಮೈಕಿನಲ್ಲಿ ಮಾತ್ರ, ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ತಬಲಾದವರು ತಗ್ಗಿದ ದನಿಯಲ್ಲಿ "ಹಂಗನ್ಬೇಡಿ ಸಾರ್, ನನ್ ಡಗ್ಗದ ಶ್ರುತಿ ಇಳ್ದಿದ್ದನ್ನ ದೂರ್ದಿಂದ್ಲೇ ಹಿಡ್ದೋರು ಅವ್ರು" ಎಂದದ್ದು ಇತ್ತು.

ನಾಲ್ಕು ದಿನ ಕೆಲಸ ಮಾಡಿದೆ. ಕೋಪವನ್ನು ಬದಿಗಿಟ್ಟು ಕೆಲಸ ಮಾಡಿದೆನೆಂದೇ ನಂಬಿದ್ದೆ. ಶುಕ್ರವಾರದ ತರಗತಿಯಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆ ಮರ್ಯಾದೆಯನ್ನು ಅವರು ನನಗೆ ತೋರಿಸಿದ್ದು ಅದೇ ಮೊದಲು. ಆಮೇಲೆ ಹೇಳಿದರು: "ತಬಲಾ ಸೂಪರ್ ಅಂಕಲ್. ಹಾಡೋರ್ ಜೊತೆ ಏನಾದ್ರೂ ಜಗಳಾನಾ? ಪಾಪ, ಪಕ್ಕದ್ ಮನೇಲಿ ಕೂತು ಹಾಡ್ದಂಗಿದೆ."

ಎಲ್ಲರೂ ನಕ್ಕರು. ಮೂವತ್ತು ವರ್ಷ ಯಂತ್ರದ ಮುಳ್ಳನ್ನು ಕೂದಲೆಳೆ ಸರಿಯಲು ಬಿಡದ ನಾನು, ಒಬ್ಬ ಮನುಷ್ಯನ ದನಿಯನ್ನು ನನಗೇ ಗೊತ್ತಿಲ್ಲದಂತೆ ಕೆಳಕ್ಕೆ ತಳ್ಳಿದ್ದೆ. ಅವರಾಡಿದ ಮಾತಿನ ಮೇಲಿನ ಸಿಟ್ಟು ಸರಿಯಾದದ್ದೇ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಅದನ್ನು ಹಾಡಿನ ಮೇಲೆ ತೀರಿಸಿಕೊಂಡದ್ದು ಕಳಪೆ ಕೆಲಸ. ಮನೆಗೆ ಬಂದು ಆ ದನಿಯನ್ನು ಹಂತಹಂತವಾಗಿ ಮೇಲೆತ್ತಿದೆ. ಎತ್ತಿದಂತೆಲ್ಲ ಹಾಡಿಗೆ ಕಳೆ ಬಂತು. ಅದು ನಿಜಕ್ಕೂ ಒಳ್ಳೆಯ ಕಂಠ. ಹಾಗೆ ಒಪ್ಪಿಕೊಳ್ಳುವುದು ಹಿತವಾಗಿರಲಿಲ್ಲ.

ಶನಿವಾರ ಮಂಡಳಿಯಲ್ಲಿ ಹಾಡು ಮುಗಿದ ಮೇಲೆ ಮೊದಲು ಮಾತಾಡಿದವರು ಗಾಯಕರೇ.

"ನನ್ ಧ್ವನಿ ಒಂಚೂರು ಮುಂದಾಯ್ತೇನೋ ಸಾರ್. ತಗ್ಗಿಸ್ಬೋದಾ?"

"ಇರ್ಬೇಕಾದಷ್ಟೇ ಇದೆ. ತಗ್ಗಿಸಲ್ಲ" ಎಂದೆ.

ಅವರು ನನ್ನನ್ನೇ ನೋಡಿದರು. "ಹಂಗಾದ್ರೆ ಉಳ್ದಿದ್ದೂ ನೀವೇ ಮಾಡ್ಬಿಡಿ" ಎಂದರು. ಹಾರ್ಮೋನಿಯಂನವರು ಜೋರಾಗಿ ತಲೆಯಾಡಿಸಿದರು. ತಬಲಾದವರು ನನಗೊಂದು ಕುರ್ಚಿ ಎಳೆದು ಹಾಕಿದರು.

ಉಳಿದ ಏಳು ಹಾಡುಗಳು ಈಗ ನನ್ನ ಕಂಪ್ಯೂಟರಿನಲ್ಲಿವೆ. ಮಿಕ್ಸಿಂಗ್ ಇನ್ನೂ ಶುರು ಮಾಡಿಲ್ಲ. ಒಂದೊಂದು ಹಾಡಿನ ಮುಂಚಿನ ಸೆಕೆಂಡುಗಳನ್ನೂ ಒಂದೊಂದೇ ಮೈಕು ತೆರೆದು ಕೇಳುತ್ತಿದ್ದೇನೆ. ನಾಲ್ಕನೆಯದರವರೆಗೆ ಬಂದಿದ್ದೇನೆ. ಈವರೆಗೆ ಸಿಕ್ಕಿದ್ದು ಕೆಮ್ಮು, ಫ್ಯಾನಿನ ಸದ್ದು, ನೀರು ಕೇಳಿದ ಯಾರದೋ ದನಿ.