ತಾಳ ಕೇಳಿಸದ ಸ್ಪೀಕರುಗಳು

ಇಡ್ಲಿಯ ದೊಡ್ಡ ಪಾತ್ರೆ ತೆಗೆಯೋಣವೆಂದು ಸ್ಟೂಲು ಹತ್ತಿ ಲಾಫ್ಟಿಗೆ ಕೈ ಚಾಚಿದರೆ ತಲೆಯ ಮೇಲೆ ಬಿದ್ದದ್ದು ಖಾಲಿ ರಟ್ಟಿನ ಪೆಟ್ಟಿಗೆ. ಒಳಗಿದ್ದ ಥರ್ಮಾಕೋಲಿನ ಬಿಳಿ ಕಾಳುಗಳು ಕೂದಲಿಗೆ, ಸೀರೆಗೆ, ಹಿಟ್ಟಿನ ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡವು. ಅಂಟು, ಪ್ಲಾಸ್ಟಿಕ್ಕು, ಥರ್ಮಾಕೋಲು ಸೇರಿದ ಆ ವಾಸನೆ ನಿಮಗೂ ಗೊತ್ತಿರಬೇಕು. ಹೊಸ ಸಾಮಾನು ಬಂದಾಗ ಮನೆಗೆ ಮೊದಲು ಕಾಲಿಡುವುದೇ ಅದು. ಬೇರೆಯವರಿಗೆ ಅದು ದೀಪಾವಳಿಯ ವಾಸನೆಯಾಗಿರಬಹುದು. ನನಗೆ ಮಾತ್ರ ತಲೆನೋವಿನದು. ಹೋದ ವರ್ಷ ಪೂರ್ತಿ ಜೋಗೇಶ್ವರಿಯ ನಮ್ಮ ಎರಡು ಕೋಣೆಯ ಮನೆ ಅದೇ ವಾಸನೆಯಲ್ಲಿ ಮುಳುಗಿತ್ತು. ಕಾರಣ, ನಮ್ಮ ಯಜಮಾನರಿಗೆ ಹಿಡಿಸುವ ಸ್ಪೀಕರು ಈ ಮುಂಬಯಿಯಲ್ಲಿ ಇರಲಿಲ್ಲ.

ಅವರ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಉಡುಪಿ ಕಡೆಯವರು. ಗ್ರಾಂಟ್ ರೋಡಿನ ಒಂದು ಹೋಟೆಲಿನ ಅಡುಗೆಕೋಣೆಯಲ್ಲಿ ಸೇರಿ, ಅದೇ ಹೋಟೆಲಿನ ಮ್ಯಾನೇಜರರಾಗಿ ನಿವೃತ್ತರಾದವರು. ದಿನವಿಡೀ ರುಬ್ಬುವ ಯಂತ್ರ, ಎಕ್ಸಾಸ್ಟ್ ಫ್ಯಾನು, ಪಾತ್ರೆಗಳ ಗಲಾಟೆ. ಇಷ್ಟರ ನಡುವೆ ಅವರನ್ನು ಬದುಕಿಸಿದ್ದು ಭಾನುವಾರದ ತಾಳಮದ್ದಳೆ. ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ ಅದು. ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಆ ಹಾಡಿನ ಪಾತ್ರವಾಗಿ ಆಶುವಾಗಿ ಮಾತನಾಡುತ್ತಾರೆ. ಮಾತು ಸಾಕೆನಿಸಿದಾಗ ಭಾಗವತರು ಕೈಯಲ್ಲಿರುವ ಪುಟ್ಟ ತಾಳವನ್ನು ಟಿಣ್ ಎನ್ನಿಸುತ್ತಾರೆ. ಎಂಥ ಚಕ್ರವರ್ತಿಯ ಪಾತ್ರವಾದರೂ ಆಗ ಬಾಯಿ ಮುಚ್ಚಬೇಕು.

ನಾನೋ ಬಾಂದ್ರಾದ ಕಾನ್ವೆಂಟಿನಲ್ಲಿ ಕಲಿತವಳು. ಕುರ್ಚಿ ಎಳೆಯುವಾಗ ಸದ್ದಾಗಬಾರದು, ಸಾಸರಿನ ಮೇಲೆ ಚಮಚ ಇಟ್ಟರೆ ಪಕ್ಕದವರಿಗೆ ತಿಳಿಯಬಾರದು ಎಂದು ಕಲಿಸಿದ ಸಿಸ್ಟರುಗಳ ಶಿಷ್ಯೆ. ಮದುವೆಯಾದ ಹೊಸದರಲ್ಲಿ ಇವರ ತಾಳಮದ್ದಳೆಗೆ ಹೋಗಿ, ಮಧ್ಯವಯಸ್ಸಿನ ಗಂಡಸರು ಪಂಚೆ ಉಟ್ಟು ಶಾಲು ಹೊದ್ದು ಒಬ್ಬರನ್ನೊಬ್ಬರು ಮೂದಲಿಸುವುದನ್ನು ಕಂಡು, ನಿಜವಾಗಿಯೂ ಜಗಳವಾಗಿದೆ ಎಂದುಕೊಂಡು ಎದ್ದು ಹೊರಟಿದ್ದೆ. ಆಮೇಲೆ ರುಚಿ ಹತ್ತಿತು. ಎಷ್ಟು ಹತ್ತಿತೆಂದರೆ, ಇವರು ಎಲ್ಲಿ ತೇಲಿಸಿದರು, ಎಲ್ಲಿ ನಿಜಕ್ಕೂ ಯೋಚಿಸಿ ಮಾತನಾಡಿದರು ಎಂಬುದು ನನಗೆ ಮೂರನೇ ಸಾಲಿನಿಂದಲೇ ಗೊತ್ತಾಗುತ್ತಿತ್ತು.

ಹಾಗೆಯೇ ಮೂರನೇ ಸಾಲಿನಲ್ಲಿ ಕುಳಿತಿದ್ದ ಒಂದು ಭಾನುವಾರ ಅದು ನಡೆಯಿತು. ಇವರದು ಯುದ್ಧಕ್ಕೆ ಹೊರಟ ರಾಜನ ಪಾತ್ರ. ಮಾತು ಚೆನ್ನಾಗಿಯೇ ಏರುತ್ತಿತ್ತು. ಭಾಗವತರು ತಾಳ ಹಾಕಿದರು. ಇವರು ನಿಲ್ಲಿಸಲಿಲ್ಲ. ಇನ್ನೊಮ್ಮೆ ಹಾಕಿದರು. ಇವರು ಕೈಯೆತ್ತಿ ಇನ್ನೊಂದು ಉಪಮೆ ತೆಗೆದರು. ಭಾಗವತರು ಬೇರೆ ದಾರಿಯಿಲ್ಲದೆ ಪದ್ಯ ಎತ್ತಿದರು. ಹಾಡು ಮತ್ತು ಮಾತು ಒಂದರ ಮೇಲೊಂದು ಬಿದ್ದವು. ಮದ್ದಳೆಯ ಪೆಟ್ಟು ಕೇಳಿದಾಗ ಇವರು ಅರ್ಧಕ್ಕೆ ನಿಂತು ಸುತ್ತ ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತೇನೋ. ಭಾಗವತರನ್ನು ಮೀರಿ ಮಾತನಾಡುವುದು ಅಲ್ಲಿ ಅಹಂಕಾರದ ಲಕ್ಷಣ, ಮತ್ತು ನಲವತ್ತು ಜನ ಅದನ್ನು ಕಂಡಿದ್ದರು.

"ಮೈಕ್ ಸರಿ ಇಲ್ಲ ಆ ಹಾಲಿಂದು" ಎಂದರು ಮನೆಗೆ ಬಂದು. "ತಾಳ ಕೇಳುದೇ ಇಲ್ಲ. ಎಂತ ಮಾಡುದು ಮನುಷ್ಯ?"

ಮುಂದಿನ ತಿಂಗಳ ಕೂಟಕ್ಕೆ ಇವರಿಗೆ ಫೋನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಇಸ್ತ್ರಿ ಮಾಡಿಟ್ಟ ಶಾಲನ್ನು ಇವರೇ ಕಪಾಟಿನೊಳಗೆ ಇಟ್ಟರು. ಆ ವಾರವೇ ಮೊದಲ ಪೆಟ್ಟಿಗೆ ಬಂತು. ಮನೆಯಲ್ಲೇ ಒಳ್ಳೆಯ ಸೆಟ್ಟು ಹಾಕಿ, ಹಳೆಯ ಕೂಟಗಳ ರೆಕಾರ್ಡಿಂಗು ಕೇಳಿ, ಅಭ್ಯಾಸ ಮಾಡಿ, ಮತ್ತೆ ಕರೆಸಿಕೊಳ್ಳುವುದು ಅವರ ಯೋಚನೆ.

ಪರೀಕ್ಷೆಗೆ ಯಾವಾಗಲೂ ಒಂದೇ ರೆಕಾರ್ಡಿಂಗು. ಫಲಿತಾಂಶವೂ ಒಂದೇ.

"ಮದ್ದಳೆ ಲಾಯ್ಕ್ ಬರ್ತದೆ. ತಾಳ ಇಲ್ಲವೇ ಇಲ್ಲ ಮಾರಾಯ್ತಿ."

"ಕೇಳ್ತದಲ್ವಾ" ಎಂದೆ ನಾನು ಅಡುಗೆಮನೆಯಿಂದ. ನನಗೆ ಅದು ಹಲ್ಲಿನ ಬೇರಿನಲ್ಲಿ ಕೇಳುತ್ತಿತ್ತು.

"ಎಂತ? ನೀನು ಬಾಯೊಳಗೇ ಮಾತಾಡಿದ್ರೆ ಆಗುದಿಲ್ಲ. ಕಾನ್ವೆಂಟ್ ಬಿಟ್ಟು ಎಷ್ಟು ವರ್ಷ ಆಯ್ತು?"

ಹತ್ತಿರ ಹೋಗಿ ಹೇಳಿದೆ. "ತಾಳದ ವಿಷಯ ನಿನಗೆ ಗೊತ್ತಾಗುದಿಲ್ಲ" ಎಂದರು.

ಮೊದಲನೆಯದು ಹೋಗಿ ಎರಡನೆಯದು ಬಂತು, ಅದು ಹೋಗಿ ಇನ್ನೊಂದು. ಟೀವಿಯ ಕೆಳಗೆ ಮಲಗುವಂಥದ್ದು, ಮೂಲೆಯಲ್ಲಿ ಕಂಬದಂತೆ ನಿಲ್ಲುವಂಥದ್ದು. ದೋಷ ಸ್ಪೀಕರಿನದಲ್ಲ, ಕೋಣೆಯದು ಎಂದು ಯಾರೋ ತಲೆಗೆ ಹಾಕಿದರು. ಟೈಲ್ಸಿಗೆ ಬಡಿದು ಸದ್ದು ಚದುರುತ್ತದಂತೆ, ಕಿಟಕಿಯ ಗಾಜಿಗೆ ಬಡಿದು ಒಡೆಯುತ್ತದಂತೆ. ಸರಿ, ನಾನು ಮೂರು ಮಳೆಗಾಲ ಕೂತು ಕಸೂತಿ ಹಾಕಿದ ಹಾಸಿಗೆಯ ಹೊದಿಕೆ ಗೋಡೆಗೇರಿತು. ಸೋಫಾ ಬಾಗಿಲಿಗೆ ಬೆನ್ನು ಮಾಡಿತು. ಬಂದವರೆಲ್ಲ ಅದನ್ನು ಬಳಸಿಕೊಂಡು, ಹೊಟ್ಟೆ ಎಳೆದುಕೊಂಡು ಒಳಗೆ ಬರಬೇಕು. ಕಿಟಕಿಯ ಗ್ರಿಲ್ಲಿನಲ್ಲಿದ್ದ ನನ್ನ ತುಳಸಿ, ಕರಿಬೇವು, ಪಾಪ, ಬಚ್ಚಲಿಗೆ ಹೋದವು. ದಪ್ಪ ಪರದೆಯ ಹಿಂದೆ ಮಧ್ಯಾಹ್ನವೂ ದೀಪ ಹಾಕಿಕೊಂಡು ನಾನು ಅಕ್ಕಿ ಆರಿಸುತ್ತಿದ್ದೆ.

ಕೆಳಗಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಲಿಫ್ಟಿನಲ್ಲಿ ಸಿಕ್ಕಿ ಬಹಳ ಮರ್ಯಾದೆಯಿಂದ ಕೇಳಿದರು, "ವಹಿನಿ, ತುಮ್ಚ್ಯಾಕಡೆ ರೋಜ್ ಪೂಜಾ ಅಸ್ತೆ ಕಾ?"

ದಿನಾ ಪೂಜೆ ಎಂದು ತಿಳಿದುಕೊಂಡರೆ ತಿಳಿದುಕೊಳ್ಳಲಿ ಎಂದು ಹೌದೆಂದೆ. ಕಾಲೇಜಿಗೆ ಹೋಗುವ ಮಗಳು ನಿಧಿಗೆ ಅಷ್ಟು ತಾಳ್ಮೆಯಿಲ್ಲ. "ಪಪ್ಪಾ, ಪ್ಲೀಸ್ ಯಾರ್, ವಾಲ್ಯೂಮ್ ಕಮ್ ಕರೋ ನಾ. ಬಿಲ್ಡಿಂಗ್ ಗ್ರೂಪ್‌ನಲ್ಲಿ ಎಲ್ಲಾ ಕಂಪ್ಲೇಂಟ್ ಹಾಕ್ತಾ ಇದಾರೆ. ನಂಗೆ ಶರಮ್ ಆಗ್ತದೆ."

"ಇದು ವಾಲ್ಯೂಮ್ ಅಲ್ಲ, ಟ್ರೆಬಲ್" ಎಂದರು ಇವರು. ತೆಳ್ಳನೆಯ ಚೂಪು ದನಿಗೆ ಹಾಗೆನ್ನುತ್ತಾರಂತೆ; ಆ ಪದವನ್ನು ಹೊಸದಾಗಿ ಕಲಿತಿದ್ದರು.

ನಿಮಗೆ ಈಗಾಗಲೇ ವಿಷಯ ತಿಳಿದಿದೆ. ನನಗೂ ನಿಧಿಗೂ ತಿಳಿದಿತ್ತು, ಬಹುಶಃ ಕಾಕುವಿಗೂ. ಆದರೆ ಗಟ್ಟಿಯಾಗಿ ಹೇಳಿದರೆ ಬೈದಂತೆ, ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ. ಇಂಥ ಮನುಷ್ಯನಿಗೆ ಕಿವಿಯ ಡಾಕ್ಟರ ಹೆಸರು ಯಾವ ದನಿಯಲ್ಲಿ ಎತ್ತುವುದು? ಒಮ್ಮೆ ಎತ್ತಿದೆ. ಎರಡು ದಿನ ಊಟದ ತಟ್ಟೆಯ ಜೊತೆ ಮಾತ್ರ ಮಾತನಾಡಿದರು.

ಕೊನೆಗೆ ಬಾಂದ್ರಾದಲ್ಲಿ ಒಂದು ಅಂಗಡಿಯಿದೆಯೆಂದೂ, ಅಲ್ಲಿ ನಮ್ಮ ಕಿವಿಗೆ ಹೊಂದುವುದನ್ನು ಕೂತು ಕೇಳಿ ಆರಿಸಬಹುದೆಂದೂ ತಿಳಿದು ಬಂದರು. ಪರದೆಯ ಬಣ್ಣಕ್ಕೆ ಹೊಂದುತ್ತದೆಯೇ ನೋಡಲು ನಾನೂ ಬೇಕಂತೆ. ಹೋದೆ. ಹಿಂಬದಿಯಲ್ಲಿ ಕಂಬಳಿಯಂಥ ಬಟ್ಟೆ ಹೊದ್ದ ಗೋಡೆಗಳ ಒಂದು ಕೋಣೆ, ಎರಡು ಕುರ್ಚಿ. ಇಷ್ಟು ತಿಂಗಳಲ್ಲಿ ನಾವಿಬ್ಬರು ಒಟ್ಟಿಗೆ ಕೂತು ಕೇಳಿದ್ದು ಅದೇ ಮೊದಲು ಎಂದು ಆಗ ಹೊಳೆಯಿತು. ಮನೆಯಲ್ಲಿ ಅವರು ಹಾಲಿನಲ್ಲಿ, ನಾನು ಒಲೆಯ ಮುಂದೆ ಬೆನ್ನು ತಿರುಗಿಸಿ.

ಇವರು ಮೊಬೈಲಿನಿಂದ ಅದೇ ರೆಕಾರ್ಡಿಂಗು ಕೊಟ್ಟರು. ಅಂಗಡಿಯವನು ಹಾಕಿದ.

"ಮದ್ದಳೆ ಫಸ್ಟ್ ಕ್ಲಾಸ್" ಎಂದರು ಇವರು. "ಲೇಕಿನ್ ತಾಳ್ ನಹೀ ಆತಾ. ವೋ ಛೋಟಾ ವಾಲಾ, ಟಿಣ್ ಟಿಣ್."

"ಸರ್, ಏಕ್‌ದಮ್ ಕ್ಲಿಯರ್ ತೋ ಹೈ" ಎಂದ ಅವನು.

"ಟ್ರೆಬಲ್ ಬಢಾವೋ."

ಏರಿಸಿದ. ಇನ್ನೂ ಏರಿಸಿದ. ಆ ಮುಚ್ಚಿದ ಕೋಣೆಯಲ್ಲಿ ತಾಳದ ಒಂದೊಂದು ಪೆಟ್ಟೂ ಸೂಜಿಯಾಗಿ ಕಿವಿಗೆ ಇಳಿಯಿತು. ಮೊದಲು ಪರ್ಸನ್ನು ಬಿಗಿಯಾಗಿ ಹಿಡಿದುಕೊಂಡೆ. ಆಮೇಲೆ ನನಗೆ ಗೊತ್ತಿಲ್ಲದೆಯೇ ಎರಡೂ ಕೈ ಕಿವಿಗೆ ಹೋದವು.

"ಹಾಂ, ಈಗ ಸ್ವಲ್ಪ..." ಎನ್ನುತ್ತಾ ಇವರು ನನ್ನ ಕಡೆ ತಿರುಗಿದರು. ನನ್ನ ಕೈಗಳನ್ನು ನೋಡಿದರು. ಆ ಕಡೆ ತಿರುಗಿದರು. ಅಂಗಡಿಯವನು ತಲೆ ಕೆರೆಯುವ ನೆಪದಲ್ಲಿ ಒಂದು ಕಿವಿಯೊಳಗೆ ಬೆರಳು ಇಟ್ಟುಕೊಂಡಿದ್ದ.

"ಬಂದ್ ಕರೋ" ಎಂದರು, ಬಹಳ ಮೆಲ್ಲಗೆ.

ಬಾಂದ್ರಾ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆವು. ನಮ್ಮ ಲೋಕಲ್ ಬಂತು, ಹೋಯಿತು, ಅವರು ಏಳಲಿಲ್ಲ.

"ನಿನಗೆ ಕೇಳ್ತಿತ್ತಾ, ತಾಳ?"

"ಕೇಳ್ತಿತ್ತು."

"ಮನೆಯಲ್ಲಿ ಉಂಟಲ್ಲ, ಅದ್ರಲ್ಲಿ?"

"ಅದ್ರಲ್ಲೂ."

"ಮೊದಲು ತಂದದ್ರಲ್ಲಿ?"

"ಎಲ್ಲದ್ರಲ್ಲೂ ಕೇಳ್ತಿತ್ತು. ನಾನು ಹೇಳಿದ್ದೆ ಅಲ್ವಾ."

ಅವರು ಹಳಿಗಳ ಕಡೆ ತಿರುಗಿದರು. "ಹಾಗಾದ್ರೆ ಆ ದಿನ ಭಾಗವತರು ತಾಳ ಹಾಕಿದ್ರು."

"ಹಾಕಿದ್ರು. ಎರಡು ಸಲ."

"ನಾನು ಎಲ್ಲರ ಹತ್ರ ಮೈಕ್ ಸರಿ ಇಲ್ಲ ಅಂತ ಹೇಳ್ತಾ ತಿರುಗಿದೆ." ಆಮೇಲೆ ಹೇಳಿದರು, "ಇನ್ನು ನಾನು ಕೂಟದಲ್ಲಿ ಕೂತುಕೊಳ್ಳುದಿಲ್ಲ. ಸಾಕು."

ವರ್ಷವಿಡೀ ನನ್ನೊಳಗೆ ಕುದಿಯುತ್ತಿದ್ದ ಸಿಟ್ಟು ಹೊರಬರಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಆದರೆ ಅವರ ಮುಖ ನೋಡಿ ಅದು ಎತ್ತಲೋ ಹೋಯಿತು. "ಅದನ್ನು ಭಾಗವತರಿಗೆ ಹೇಳಿ, ನನಗಲ್ಲ" ಎಂದೆ. ಅವರು ಹೇಳುವುದಿಲ್ಲವೆಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ತಾವೇ ಫೋನು ಮಾಡಿದರು, ಸ್ಪೀಕರಿನಲ್ಲಿ ಹಾಕಿ, ಏಕೆಂದರೆ ಬೇರೆ ರೀತಿ ಕೇಳುವುದಿಲ್ಲ. ಕಾರಣ ಹೇಳಿದರು. ಕೂತುಕೊಳ್ಳುವುದಿಲ್ಲ ಎಂದೂ ಹೇಳಿದರು.

ಆ ಕಡೆಯಿಂದ ಭಾಗವತರು ಗಂಟಲು ಸರಿಮಾಡಿಕೊಂಡರು. "ಹೀಗಾ ವಿಷಯ? ನಾವು ನಿಮಗೆ ದೊಡ್ಡಸ್ತಿಕೆ ಬಂತು ಅಂತ ಗ್ರಹಿಸಿದ್ದು. ಕಿವಿ ರಿಪೇರಿ ಮಾಡಿಸ್ಕೊಂಡು ಬನ್ನಿ ಮಾರಾಯ್ರೆ. ಬಾಯಿ ಸರಿ ಉಂಟಲ್ಲ."

ಹೀಗೆ ಕಟ್ಟಕಡೆಗೆ ನಮ್ಮ ಮನೆಗೆ ಬಂದ ಯಂತ್ರ ಒಂದು ಕಡಲೆಬೀಜದಷ್ಟು, ಕಿವಿಯೊಳಗೆ ಕೂರುವಂಥದ್ದು. ಕಂಬದಂಥವು ಹೋದವು, ಕಸೂತಿ ಹಾಸಿಗೆಗೆ ಮರಳಿತು, ತುಳಸಿಗೆ ಬಿಸಿಲು ಬಂತು. ನೆಮ್ಮದಿ ಬಂತು ಎಂದು ಮಾತ್ರ ತಿಳಿಯಬೇಡಿ. ಒಗ್ಗರಣೆಯ ಸಾಸಿವೆ ಸಿಡಿದರೆ ಬೆಚ್ಚುತ್ತಾರೆ. ನಾನು ಪೇಪರು ಮಡಚಿದರೆ ಮುಖ ಸಿಂಡರಿಸುತ್ತಾರೆ. "ಪಾತ್ರೆ ಮೆಲ್ಲ ಇಡ್ಲಿಕ್ಕೆ ಆಗುದಿಲ್ವಾ?" ಎಂದು, ವರ್ಷವಿಡೀ ಕಟ್ಟಡಕ್ಕೆಲ್ಲ ತಾಳ ಬಡಿದ ಮನುಷ್ಯ, ನನ್ನನ್ನು ಕೇಳಿದರು. ಸಿಸ್ಟರುಗಳೇ ವಾಸಿ ಎನಿಸಿತು.

ಮೊನ್ನೆಯ ಭಾನುವಾರ ಮತ್ತೆ ಕೂತರು. ದೂತನ ಪಾತ್ರ, ಚಿಕ್ಕದೇ. ಶಾಲಿನ ಮಡಿಕೆ ಎರಡೆರಡು ಸಲ ಸರಿಮಾಡಿಕೊಂಡರು. ಮಾತು ಮೊದಲು ತಡವರಿಸಿತು, ಆಮೇಲೆ ಹರಿಯಿತು. ಸಂಧಿಯನ್ನು ಒಲ್ಲದ ರಾಜನಿಗೆ ನೀರು, ಹೊಳೆ, ದೋಣಿ ಎಂದು ಒಂದು ಉದ್ದನೆಯ ವಾಕ್ಯ ಎತ್ತಿದರು. ಭಾಗವತರ ಕೈ ಮೇಲೇಳುವುದನ್ನು ನಾನು ನೋಡಿದೆ. ಟಿಣ್ ಎಂದಿತು. ಇವರು ದೋಣಿಯನ್ನು ಹೊಳೆಯ ನಡುವೆಯೇ ಬಿಟ್ಟು, ತಲೆ ಬಾಗಿಸಿ ಸುಮ್ಮನಾದರು. ಹಾಡು ಶುರುವಾಯಿತು.

ಜೋಗೇಶ್ವರಿಯಲ್ಲಿ ಇಳಿದು ನಡೆಯುವಾಗ ಆ ವಾಕ್ಯವನ್ನು ನನಗೆ ಪೂರ್ತಿ ಮಾಡಿ ಹೇಳಿದರು. ದೋಣಿ ದಡ ಸೇರುವಾಗ ನಾವು ಬಿಲ್ಡಿಂಗಿನ ಗೇಟಿಗೆ ಬಂದಿದ್ದೆವು. ರಿಕ್ಷಾಗಳು ಒಂದೇ ಸಮನೆ ಹಾರ್ನು ಹೊಡೆಯುತ್ತಿದ್ದವು.

"ಸ್ವಲ್ಪ ಉದ್ದ ಆಯ್ತು" ಎಂದೆ, ನನ್ನ ಮಾಮೂಲು ದನಿಯಲ್ಲಿ.

"ಭಾಗವತರಿಗೂ ಹಾಗೇ ಕಂಡಿರ್ಬೇಕು" ಎಂದರು.

ಈಗ ಹಾಲಿನಲ್ಲಿ ಕೂತು ಅದನ್ನು ಗಿಡ್ಡ ಮಾಡುತ್ತಿದ್ದಾರೆ. ನಾನು ಇದನ್ನು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಬಂದು ಒಪ್ಪಿಸಿ ಹೋದರು. ಪ್ರತಿ ಸಲವೂ ಅದು ಹಿಂದಿನದಕ್ಕಿಂತ ಉದ್ದವಾಗಿದೆ.