ಎಣಿಸದೆ ಬರೆದ ನಾಡಿ

ಆರು ವರ್ಷಗಳ ಹಿಂದೆ ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಸರ್ಜರಿ ವಾರ್ಡಿನ ಹಿರಿಯ ನರ್ಸ್ ಆಗಿದ್ದೆ. ಅಂದಿನ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕುರುಗೋಡಿನ ಹುಸೇನಬೀ ಜೀನ್ಸ್ ಹೊಲಿಯುವ ಹೆಣ್ಣುಮಗಳು. ಬೆಳಿಗ್ಗೆ ಹೊಟ್ಟೆನೋವೆಂದು ದಾಖಲಾಗಿದ್ದಳು. ಅಪೆಂಡಿಕ್ಸ್ ಬಾತಿತ್ತು, ಸಂಜೆಗೆ ಆಪರೇಷನ್. ಅಲ್ಲಿಯವರೆಗೆ ನರ್ಸಿನ ಕೆಲಸ ಮಹಾ ದೊಡ್ಡದೇನಲ್ಲ. ಬಾಯಿಗೆ ಹನಿ ನೀರೂ ಹಾಕಗೊಡಬಾರದು, ಡ್ರಿಪ್ ನಿಲ್ಲಬಾರದು, ಗಂಟೆಗೊಮ್ಮೆ ನಾಡಿ, ಬಿಪಿ, ಜ್ವರ ನೋಡಿ ಚಾರ್ಟಿನಲ್ಲಿ ಬರೆಯಬೇಕು. ಅಷ್ಟೇ. ಅಷ್ಟೂ ಆಗುವುದಿಲ್ಲ ನಮಗೆ.

ಮಧ್ಯಾಹ್ನ ಎರಡಕ್ಕೆ ಡ್ಯೂಟಿಗೆ ಬಂದಾಗ ಅವಳ ಗಂಡ ಖಾಸಿಂ ಚೀಲ ಕಟ್ಟುತ್ತಿದ್ದ.

"ನೋವು ಪೂರಾ ನಿಂತೈತ್ರಿ ಸಿಸ್ಟರ್. ಇನ್ನ ಕೊಯ್ಯೋದು ಯಾಕ? ಮನಿಗೆ ಹೋಗ್ತೀವ್ರಿ."

ಈ ನೋವು ಒಮ್ಮೆಲೇ ನಿಂತರೆ ಅಪೆಂಡಿಕ್ಸ್ ಒಡೆದಿರಬಹುದು. ಚಾರ್ಟ್ ತೆಗೆದೆ. ನಾಡಿ ಪ್ರತಿ ಗಂಟೆಗೂ 84. ಮೂರು ಗಂಟೆಯ ಎದುರೂ 84, ನಾಲ್ಕರ ಎದುರೂ 84. ಗಡಿಯಾರದಲ್ಲಿ ಆಗ ಎರಡೂ ಹತ್ತು! ಈ 84 ನೋಡಿಯೇ ಡ್ಯೂಟಿ ಡಾಕ್ಟರು ನಿಶ್ಚಿಂತೆಯಿಂದ ಬೇರೆ ವಾರ್ಡಿಗೆ ಹೋಗಿದ್ದರು. ನಾನು ಅವಳ ಕೈ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. 132. ಹೊಟ್ಟೆ ಹಲಗೆಯಂತೆ ಬಿಗಿದಿತ್ತು.

ಬಾಗಿಲಿಗೆ ಅಡ್ಡ ನಿಂತೆ.

"ಈಗ ಕರ್ಕೊಂಡು ಹೋದ್ರ ಕುರುಗೋಡು ಮುಟ್ಟೋದು ಹೆಣ ಐತಿ, ಖಾಸಿಂ. ಚೀಲ ಇಳಸು."

"ಎಲ್ಲಾ ಚಲೋ ಐತಿ ಅಂತ ಮುಂಜಾನಿ ಸಿಸ್ಟರೇ ಅಂದಾರಲ್ರಿ," ಎನ್ನುತ್ತಲೇ ಅವನು ಚೀಲ ಇಳಿಸಿದ.

ಸರ್ಜನ್‌ಗೆ ಫೋನ್ ಮಾಡಿದೆ. ಅರ್ಧ ಗಂಟೆಯೊಳಗೆ ಅವಳನ್ನು ಥಿಯೇಟರಿಗೆ ಒಯ್ದರು. ಹೊಟ್ಟೆಯ ತುಂಬ ಕೀವು. ಹನ್ನೆರಡು ದಿನ ನರಳಿ ಬದುಕಿದಳು, ಪುಣ್ಯ.

ಚಾರ್ಟ್ ಬರೆದವಳು ಬೆಳಗಿನ ಪಾಳಿಯ ರೇಣುಕಾ. ಹಿಂದೆ ಸಿರುಗುಪ್ಪದಲ್ಲಿ ನನ್ನ ಕೈಕೆಳಗೇ ಕೆಲಸ ಕಲಿತವಳು. ಮರುದಿನ ಅವಳನ್ನು ಎಲ್ಲರೆದುರೇ ನಿಲ್ಲಿಸಿದೆ.

"ನಾಲ್ಕು ಗಂಟಿ ನಾಡಿ ನಿನಗ ಎರಡಕ್ಕ ಎಲ್ಲಿ ಸಿಕ್ತವ್ವಾ? ಕನಸಿನ್ಯಾಗ?"

ರೇಣುಕಾ ಮೆಲ್ಲಗೆ ಅಂದಳು:

"ಸಿರುಗುಪ್ಪದಾಗ ಇನ್ಸ್‌ಪೆಕ್ಷನ್ ದಿನ ನೀವ ಹೇಳಿದ್ರಲ್ರಿ ಮೇಡಂ. ಚಾರ್ಟ್ ಖಾಲಿ ಕಾಣಬಾರ್ದು, ಮೊದ್ಲ ತುಂಬಿಸಿಡು ಅಂತ."

ಹೇಳಿದ್ದೆ. ಅಂದು ಸಾಹೇಬರು ಚಾರ್ಟ್ ನೋಡಿ ಶಹಬ್ಬಾಸ್ ಎಂದಿದ್ದರು, ನಾನು ಉಬ್ಬಿದ್ದೆ. ಈಗ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ರೋಷ ಬಂತು. ವರದಿಯಲ್ಲಿ ತಪ್ಪಿತಸ್ಥರೆಂದು ಮೊದಲು ನನ್ನ ಹೆಸರು ಬರೆದೆ, ಆಮೇಲೆ ಅವಳದು.

ನಿವೃತ್ತಿಯವರೆಗೂ ಹೊಸ ನರ್ಸುಗಳಿಗೆ ಇದನ್ನೇ ಹೇಳಿದೆ: ಎಣಿಸಲು ಆಗದಿದ್ದರೆ ಖಾಲಿ ಬಿಡಿ. ಖಾಲಿ ಜಾಗ ಕಂಡರೆ ಯಾರಾದರೂ ಓಡಿ ಬಂದಾರು. 84 ಕಂಡರೆ ಯಾರೂ ಬರುವುದಿಲ್ಲ.